ನರಿಯ ಹಣೆಗೆ ಕುಂಕುಮ

ದೊಡ್ಡಪ್ಪನ ಗದ್ದೆಯಲ್ಲಿ ನರಿಗಳನ್ನು ಕೊಲ್ಲುತ್ತಿದ್ದದ್ದು ಹಗಲಿನಲ್ಲಿ. ರಾತ್ರಿ ಅವು ಕಬ್ಬಿನೊಳಗೆ ಎಲ್ಲಿ ಬೇಕಾದರೂ ಇರಬಹುದು. ಟಾರ್ಚು ಹಿಡಿದು ಹೋದರೆ ನಾಯಿಗಳಿಗೆ ಬೊಗಳುವ ಕೆಲಸ ಸಿಗುತ್ತಿತ್ತೇ ಹೊರತು ನರಿ ಸಿಗುತ್ತಿರಲಿಲ್ಲ. ಕಟಾವು ಶುರುವಾದ ಮೇಲೆ ಎಲ್ಲ ಬದಲಾಗುತ್ತಿತ್ತು. ಆಳುಗಳು ಒಂದು ಅಂಚಿನಿಂದ ಕಡಿಯುತ್ತಾ ಬಂದಂತೆ ನರಿಗಳು ಉಳಿದ ಕಬ್ಬಿನೊಳಗೆ ಹಿಂದೆ ಹಿಂದೆ ಸರಿದು, ಕೊನೆಗೆ ನಾಲೆಯ ಪಕ್ಕದ ಒಂದು ತುಂಡಿನಲ್ಲಿ ಸೇರಿಕೊಳ್ಳುತ್ತಿದ್ದವು. ಸುತ್ತ ಬೋಳು ನೆಲ, ನಡುವೆ ಒಂದಿಷ್ಟು ಹಸಿರು. ಆ ದಿನ ದೊಡ್ಡಪ್ಪ ಕಟಾವು ನಿಲ್ಲಿಸಿ ನರಿ ಕರೆಯುವವನಿಗೆ ಹೇಳಿ ಕಳಿಸುತ್ತಿದ್ದರು. ನರಿ ಬುಡ ಕಚ್ಚಿದ ಜಲ್ಲೆ ಹುಳಿ ಹಿಡಿಯುತ್ತದೆ, ಅದನ್ನು ಯಾರೂ ಕೊಳ್ಳುವುದಿಲ್ಲ. ನರಿಗಳ ಮೇಲೆ ಅವರಿಗಿದ್ದ ಸಿಟ್ಟಿಗೆ ಕಾರಣವಿತ್ತು.

ನಾನು ಆಗ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ, ಪ್ರಾಣಿಶಾಸ್ತ್ರ. ನಮ್ಮ ಮನೆ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅಪ್ಪನಿಗೆ ಮಿಲ್ಲಿನಲ್ಲಿ ಶಿಫ್ಟ್ ಕೆಲಸ. ದೊಡ್ಡಪ್ಪನ ಊರು ಮಾಚೇನಹಳ್ಳಿಯಲ್ಲಿ ಬಸ್ಸಿಳಿದು ನಾಲೆಯ ಏರಿ ಹಿಡಿದು ನಡೆದರೆ ಸಿಗುತ್ತಿತ್ತು. ಆ ಸಲ ನಾನು ಹೋದದ್ದು ನರಿಗಾಗಿ ಅಲ್ಲ. ದೊಡ್ಡಪ್ಪನ ಹಿರಿಯ ಮಗಳನ್ನು, ನನ್ನ ಅಕ್ಕನನ್ನು, ನೋಡಲು ಮರುದಿನ ಗಂಡಿನ ಕಡೆಯವರು ಬರುವವರಿದ್ದರು. ಅವಳಿಗೆ ಸೀರೆ ಉಡಿಸಿ ತಲೆ ಬಾಚಲು ದೊಡ್ಡಮ್ಮ ನನ್ನನ್ನು ಕರೆಸಿದ್ದರು.

ಅಕ್ಕನನ್ನು ಹಿಂದೆಯೂ ಹಲವರು ನೋಡಿ ಹೋಗಿದ್ದರು. ಒಬ್ಬರಿಗೆ ಬಣ್ಣ ಸಾಲಲಿಲ್ಲ. ಒಬ್ಬರು ಉಪ್ಪಿಟ್ಟು ಚೆನ್ನಾಗಿದೆ ಎಂದು ಎರಡನೆಯ ಸಲ ಹಾಕಿಸಿಕೊಂಡು ಹೋದವರು ಮತ್ತೆ ಸುದ್ದಿಯಿಲ್ಲ. ಒಬ್ಬರು, ಚಿಕ್ಕವಳನ್ನಾದರೆ ಮಾಡಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು. ಅಂದಿನಿಂದ ಯಾರಾದರೂ ನೋಡಲು ಬಂದರೆ ಅಕ್ಕನ ತಂಗಿಯನ್ನು ಹಿಂದಿನ ಕೋಣೆಗೆ ಹಾಕಿ ಚಿಲಕ ಹಾಕುತ್ತಿದ್ದರು. ಚಿಕ್ಕವಳು ನಗುತ್ತಲೇ ಒಳಗೆ ಹೋಗುತ್ತಿದ್ದಳು.

ನರಿ ಕರೆಯುವವನು ಆಯನೂರಿನ ಕಡೆಯವನು, ಒಣಕಲು ಮನುಷ್ಯ, ಬಾಯ್ತುಂಬ ಹೊಗೆಸೊಪ್ಪು. ಬಿಸಿಲೇರಿದ ಮೇಲೆ ಬಂದ. ಕಬ್ಬಿನ ತುಂಡಿನ ಒಂದು ಬದಿಗೆ ಬಲೆ ಕಟ್ಟಿಸಿ, ಬಲೆಯ ಹಿಂದಿನ ಕಾಲುವೆಯಲ್ಲಿ ಕಬ್ಬಿನ ಒಣ ಸೋಗೆ ಹೊದ್ದು ಮಲಗಿದ. ಕಡಿಯುವ ಆಳುಗಳು ದೊಣ್ಣೆ ಹಿಡಿದು ಕಾಲುವೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತರು.

"ನೀನು ಕರೆದ್ರೆ ನಿನ್ ಹೆಂಡ್ತೀನೇ ತೌರಿಂದ ಬರ್ಲಿಲ್ವಂತೆ, ನರಿ ಬರುತ್ತೇನೋ ಮಾರಾಯ?" ಎಂದ ಒಬ್ಬ ಆಳು.

"ಹೆಂಡ್ತಿಗೆ ನಾನು ಯಾರು ಅಂತ ಗೊತ್ತಲ್ಲ. ನರಿಗೆ ಗೊತ್ತಿಲ್ಲ," ಎಂದ ಅವನು.

ಎಲ್ಲರೂ ನಕ್ಕರು. ಆಮೇಲೆ ಅವನು ಮುಂಗೈಗೆ ತುಟಿಯೊತ್ತಿ ಗಾಳಿ ಎಳೆದ. ಮರಿನರಿ ಎಲ್ಲೋ ಸಿಕ್ಕಿಹಾಕಿಕೊಂಡು ಅಳುವ ಸದ್ದು ಬಂತು. ಸ್ವಲ್ಪ ನಿಲ್ಲಿಸಿ, ಇನ್ನಷ್ಟು ಸಣ್ಣಗೆ, ದಣಿದಂತೆ, ಮತ್ತೆ. ಮೊದಲು ಬಂದದ್ದು ಹೆಣ್ಣು. ಮೊಲೆಗಳು ಜೋತುಬಿದ್ದಿದ್ದವು. ಕಬ್ಬಿನ ಅಂಚಿನಲ್ಲಿ ನಿಂತು ಮೂಸಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಬರಬಾರದೆಂದು ಅದಕ್ಕೆ ಗೊತ್ತಿತ್ತು. ಅವನು ಇನ್ನೊಮ್ಮೆ ಅತ್ತ. ಅದು ಓಡಿ ಬಂದು ಬಲೆಗೆ ಬಿತ್ತು.

ಮೊದಲ ಏಟು ಸೊಂಟಕ್ಕೆ. ಅದು ಅವರ ಪದ್ಧತಿ. ಸೊಂಟ ಮುರಿದರೆ ಓಡುವುದಿಲ್ಲ, ಆಮೇಲೆ ಯಾರಿಗೂ ಆತುರವಿರುವುದಿಲ್ಲ. ಒಬ್ಬ ಕಬ್ಬಿನ ಜಲ್ಲೆಯೊಂದನ್ನು ಅದರ ಬಾಯಿಗೆ ತುರುಕಿ, "ತಿನ್ನು, ಈಗ ತಿನ್ನು, ಸಿಹಿ ಇದೆಯಾ?" ಎಂದ. ಅದು ಮುಂಗಾಲುಗಳಲ್ಲೇ ತೆವಳುತ್ತಾ ಕೂಗು ಕೇಳಿದ ಕಡೆಗೇ ಹೋಗುತ್ತಿತ್ತು. ಕರೆಯುವವನು ಎದ್ದು ಕೂತು ಇನ್ನೊಮ್ಮೆ ಮರಿಯಂತೆ ಅತ್ತು ತೋರಿಸಿದ. ಆಳುಗಳು ಬಿದ್ದು ಬಿದ್ದು ನಕ್ಕರು. ದೊಡ್ಡಪ್ಪ, "ಸಾಕು, ಮುಗಿಸ್ರೋ, ಹೊತ್ತಾಯ್ತು," ಎಂದ ಮೇಲೆ ಮುಗಿಸಿದರು.

ಎರಡನೆಯದು ಬೇರೆ ರೀತಿ ಬಂತು. ಕಬ್ಬಿನಿಂದ ಅಲ್ಲ, ಕಡಿದ ಬಯಲಿನ ನಡುವಿನಿಂದ, ನಡೆದುಕೊಂಡು. ನಿಂತು ಮೂಸಲಿಲ್ಲ, ಜನರನ್ನು ನೋಡಿ ಹೆದರಲಿಲ್ಲ. ತಲೆ ತಗ್ಗಿಸಿ, ಹಿಂಗಾಲು ಸ್ವಲ್ಪ ಎಳೆಯುತ್ತಾ, ಕರೆಯುವವನತ್ತಲೇ ಬರುತ್ತಿತ್ತು. ಅವನು ಕೂಗು ನಿಲ್ಲಿಸಿದ. ಆದರೂ ಬಂತು.

"ನೋಡಿ ಯಜಮಾನ್ರೇ, ಬಾಯಿ ಮುಚ್ಚಿದ್ರೂ ಬರ್ತಾ ಇದೆ! ಹಿಂಗೆ ಕರೆಯೋನು ಇಡೀ ಜಿಲ್ಲೇಲಿ ಇನ್ನೊಬ್ಬನಿದ್ರೆ ತೋರ್ಸಿ."

ಬಲೆ ಎಸೆದು ಹಿಡಿದರು. ದೊಣ್ಣೆ ಎತ್ತಿದವರನ್ನು ದೊಡ್ಡಪ್ಪ ತಡೆದರು. "ಇದನ್ನ ಹೊಡೀಬೇಡಿ. ಮನೆಗೆ ಬೇಕು."

ಬೆಳಗ್ಗೆ ಎದ್ದು ನರಿಯ ಮುಖ ನೋಡಿದರೆ ಹಿಡಿದ ಕೆಲಸ ಆಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಸತ್ತ ನರಿ ಆಗದು. ಅದಕ್ಕೆ ಕಣ್ಣು ಬಿಟ್ಟು ನೋಡಲು ಬರಬೇಕು. ಹಿಂದಿನ ಸಲ ಗಂಡಿನ ಕಡೆಯವರು ಬಂದಾಗ ಅಕ್ಕನನ್ನು ಬೆಳಗ್ಗೆಯೇ ನಾಲೆ ಏರಿಯ ಮೇಲೆ ನಿಲ್ಲಿಸಿ ದೂರದಲ್ಲಿ ಓಡಿದ ನರಿಯನ್ನು ತೋರಿಸಿದ್ದರು. ಅದು ಬೆನ್ನು ತೋರಿಸಿದ್ದರಿಂದ ಸಂಬಂಧ ತಪ್ಪಿತು ಎಂದು ದೊಡ್ಡಮ್ಮ ಇನ್ನೂ ಹೇಳುತ್ತಿದ್ದರು.

"ದೊಡ್ಡಪ್ಪ, ಹಗಲಲ್ಲಿ ಜನರ ಹತ್ರ ಹೀಗೆ ಬರೋ ನರಿಗೆ ಕಾಯಿಲೆ ಇರಬಹುದು," ಎಂದೆ. "ಹುಚ್ಚಿರಬಹುದು. ಮನೆಗೆ ಬೇಡ."

"ಹುಚ್ಚೂ ಇಲ್ಲ ಎಂಥದ್ದೂ ಇಲ್ಲ. ನಾವು ಹುಟ್ಟಿದಾಗಿಂದ ನರಿ ನೋಡಿದೀವಿ. ನೀನು ಬಾಟ್ಲಿಯೊಳಗಿನ ಕಪ್ಪೆ ನೋಡ್ಕೊಂಡಿರು."

ಗೋಣಿದಾರದಲ್ಲಿ ಬಾಯಿ ಕಟ್ಟಿ ತಂದು, ಹಿತ್ತಿಲಲ್ಲಿ ದೊಡ್ಡ ಬಿದಿರಿನ ಮಂಕರಿ ಕವಿಚಿ ಅದರೊಳಗೆ ಹಾಕಿ, ಮೇಲೆ ಕಲ್ಲು ಹೇರಿದರು.

ಬೆಳಗ್ಗೆ ದೊಡ್ಡಮ್ಮ ಅಕ್ಕನ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡೇ ಹಿತ್ತಿಲಿಗೆ ಕರೆತಂದರು. ದೊಡ್ಡಪ್ಪ ಮಂಕರಿ ಎತ್ತಿ ನರಿಯ ಕುತ್ತಿಗೆಯನ್ನು ಕೋಲಿನಿಂದ ನೆಲಕ್ಕೆ ಒತ್ತಿ ಹಿಡಿದರು. ದೊಡ್ಡಮ್ಮ ಕೈ ತೆಗೆದರು. ನರಿಯ ಬಾಯಿಂದ ಜೊಲ್ಲು ಸುರಿದು ಮಣ್ಣು ಒದ್ದೆಯಾಗಿತ್ತು.

"ಅಮ್ಮ, ಅದು ನನ್ನನ್ನೇ ನೋಡ್ತಾ ಇದೆ."

"ನೋಡ್ಲಿ. ಅದಕ್ಕೇ ಅಲ್ವಾ ತಂದಿರೋದು. ಬರೀ ನೋಡಿದ್ರೆ ಸಾಲ್ದು, ತಗೋ, ಅದರ ಹಣೆಗೆ ಕುಂಕುಮ ಇಡು."

"ಬೇಡ ದೊಡ್ಡಮ್ಮ," ಎಂದೆ ನಾನು.

"ನಿನಗೆ ನೌಕರಿ ಬರುತ್ತೆ. ಇವಳಿಗೆ ಏನು ಬರುತ್ತೆ? ಸುಮ್ನಿರು."

ಅಕ್ಕ ಕೂತಳು. ಕುಂಕುಮದ ಬೆರಳು ಹಣೆಗೆ ತಾಗುವಷ್ಟರಲ್ಲಿ, ಜೊಲ್ಲಿನಲ್ಲಿ ನೆನೆದು ಸಡಿಲವಾಗಿದ್ದ ದಾರದೊಳಗಿಂದ ನರಿ ಬಾಯಿ ತೆರೆಯಿತು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಹಲ್ಲು ಇಳಿಯಿತು. ಅಕ್ಕ ಕಿರುಚಲಿಲ್ಲ. ಕಿರುಚಲು ಆಗಲಿಲ್ಲ, ಪಕ್ಕದ ಮನೆಗೆ ಕೇಳಿಸೀತೆಂದು ದೊಡ್ಡಮ್ಮ ಅವಳ ಬಾಯಿಯನ್ನು ಒತ್ತಿ ಹಿಡಿದಿದ್ದರು.

ಬಚ್ಚಲಿಗೆ ಎಳೆದುಕೊಂಡು ಹೋಗಿ ಸೋಪು ಹಾಕಿ ಗಾಯ ತೊಳೆದೆ. ಇನ್ನೂ ತೊಳೆಯಬೇಕಿತ್ತು. "ರಕ್ತ ನಿಂತ್ರೆ ಸಾಕು, ಅವ್ರು ಬರೋ ಹೊತ್ತಾಯ್ತು," ಎಂದು ದೊಡ್ಡಮ್ಮ ಅರಿಶಿನ ಮೆತ್ತಿ ಬಟ್ಟೆ ಸುತ್ತಿದರು. ನಾನು ಸೀರೆ ಉಡಿಸಿದೆ. ಚಿಕ್ಕವಳನ್ನು ಒಳಗೆ ಹಾಕಿ ಚಿಲಕ ಹಾಕಿದರು.

ಗಂಡಿಗೆ ಶಿವಮೊಗ್ಗದಲ್ಲಿ ಸೈಕಲ್ ಅಂಗಡಿ. ಮಾತಾಡಿದ್ದೆಲ್ಲ ಅವನ ತಾಯಿ. ಅಕ್ಕ ಎಡಗೈಯಲ್ಲಿ ಭಾರ ಹಿಡಿದು ಕಾಫಿ ತಟ್ಟೆ ತಂದಳು.

"ಕೈಗೇನಾಯ್ತಮ್ಮ?" ಎಂದು ಆಕೆ ಕೇಳಿದರು.

"ಕಬ್ಬಿನ ಗರಿ ಕೊಯ್ತು ಕಣ್ರೀ," ಎಂದು ದೊಡ್ಡಮ್ಮ ಮುಂದೆ ಬಿದ್ದರು. "ಕೂತಲ್ಲಿ ಕೂರಲ್ಲ ನಮ್ಮ ಹುಡ್ಗಿ. ಗದ್ದೆಗೆ ಹೋಗ್ಬೇಡ ಅಂದ್ರೂ ಕೇಳಲ್ಲ."

"ಒಳ್ಳೇದಾಯ್ತು ಬಿಡಿ, ನಮಗೂ ಮೈ ಬಗ್ಗಿಸೋಳೇ ಬೇಕಿತ್ತು."

ಅವರು ಒಪ್ಪಿಗೆ ಎಂದು ಅಲ್ಲೇ ಹೇಳಿದರು. ದೊಡ್ಡಪ್ಪ ಎದ್ದು ನಿಂತು ಕೈ ಮುಗಿದರು. ಅಕ್ಕ ಮೊದಲ ಸಲ ತಲೆಯೆತ್ತಿ ಗಂಡನ್ನು ನೋಡಿದಳು. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ಅವರು ಹೋದ ಮೇಲೆ ನಾನು ಹಿತ್ತಿಲಿಗೆ ಹೋದೆ. ನರಿಯನ್ನು ಮತ್ತೆ ಮಂಕರಿಯಡಿ ಹಾಕಿದ್ದರು, ಕರೆಯುವವನು ಅದನ್ನು ಒಯ್ಯಲು ಬಂದಿದ್ದ. ತೆಂಗಿನ ಚಿಪ್ಪಿನಲ್ಲಿ ನೀರು ತಂದು ಮಂಕರಿಯೊಳಗೆ ಸರಿಸಿದೆ. ನೀರಿಗೆ ಬಾಯಿಟ್ಟದ್ದೇ ಅದರ ಗಂಟಲು ಗಂಟುಕಟ್ಟಿದಂತೆ ಬಿಗಿಯಿತು, ಒಂದು ಗುಟುಕೂ ಇಳಿಯಲಿಲ್ಲ. ಇಡೀ ಮೈ ಸೆಟೆದು, ಮಂಕರಿಯ ಅಂಚನ್ನು ಕಚ್ಚಿ ಕಚ್ಚಿ ಹಲ್ಲು ಮುರಿದುಕೊಂಡಿತು. ಕರೆಯುವವನು ಬಲೆ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಬಾಗಿಲಲ್ಲಿ ನಿಂತು ದೊಡ್ಡಪ್ಪನೂ ನೋಡಿದರು. ಅವರೇ ಬಂದು ಕೋಲಿನಿಂದ ಹೊಡೆದು ಕೊಂದರು. ಸೋಗೆ ರಾಶಿ ಹಾಕಿ ಸೀಮೆಎಣ್ಣೆ ಸುರಿದು ಸುಟ್ಟರು.

"ದೊಡ್ಡಪ್ಪ, ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು. ಈ ರೋಗ ಒಂದ್ಸಲ ಕಾಣಿಸ್ಕೊಂಡ್ರೆ ಔಷಧಿ ಇಲ್ಲ. ಸಾಯೋದೇ."

"ಆಸ್ಪತ್ರೇಲಿ ಏನು ಕಚ್ತು, ಹೇಗೆ ಕಚ್ತು ಅಂತ ಕೇಳ್ತಾರೆ. ನಾಳೆ ಫಾರೆಸ್ಟ್‌ನೋರು ಬಂದು ನಿಲ್ತಾರೆ. ಹುಚ್ಚು ನರಿ ಕಚ್ಚಿದೋಳು ಅಂತ ಹೆಸರಾದ್ರೆ ಯಾರು ಮಾಡ್ಕೋತಾರೆ? ಎಲೆ ಔಷಧಿ ಕೊಡಿಸ್ತೀನಿ. ಮೊದ್ಲು ಕುತ್ತಿಗೆಗೆ ತಾಳಿ ಬೀಳ್ಲಿ. ಆಮೇಲೆ ಏನಾದ್ರೂ ಇದ್ರೆ ಗಂಡ ನೋಡ್ಕೋತಾನೆ."

ಒಳಬಾಗಿಲಲ್ಲಿ ಅಕ್ಕ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನನ್ನು ಒಂದೇ ಪ್ರಶ್ನೆ ಕೇಳಿದಳು. "ಎಷ್ಟು ದಿನಕ್ಕೆ ಬರುತ್ತೆ?"

"ಹೇಳಕ್ಕಾಗಲ್ಲ ಅಕ್ಕ. ವಾರಗಳು, ತಿಂಗಳು. ಬಂದಿದ್ದು ಗೊತ್ತಾಗೋ ಹೊತ್ತಿಗೆ ಮುಗಿದಿರುತ್ತೆ."

ಅವಳು ಒಳಗೆ ಹೋಗಿ ರೇಷ್ಮೆ ಸೀರೆ ಬಿಚ್ಚಿ, ಮನೆಯಲ್ಲಿ ಉಡುವ ಸೀರೆ ಉಟ್ಟು ಬಂದಳು. ದೊಡ್ಡಪ್ಪ ಹೊಸ್ತಿಲಿಗೆ ಅಡ್ಡವಾಗಿ ನಿಂತಿದ್ದರು.

"ದಾಟಿದ್ರೆ ಈ ಸಂಬಂಧ ಹೋಯ್ತು ಅಂತ ತಿಳ್ಕೋ. ಇನ್ನೊಂದು ನಾನು ಹುಡುಕಲ್ಲ."

"ಹುಡುಕಬೇಡಪ್ಪ," ಎಂದಳು ಅಕ್ಕ. ಅವರ ಪಕ್ಕದ ಸಂದಿಯಲ್ಲಿ ಮೈ ಓರೆ ಮಾಡಿಕೊಂಡು ಹೊರಗೆ ಬಂದಳು. ದೊಡ್ಡಮ್ಮ ಅಳಲಿಲ್ಲ. "ಸಾಯೋಳಿಗೆ ಇಷ್ಟು ಆತುರ ನೋಡು," ಎಂದರು.

ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಆಗ ಈ ರೋಗ ಬಾರದಿರಲೆಂದು ದಿನಾ ಹೊಕ್ಕುಳ ಸುತ್ತ ಸೂಜಿ ಚುಚ್ಚುತ್ತಿದ್ದರು. ಮುಗಿಯುವವರೆಗೆ ಅಕ್ಕ ಕಾಗದನಗರದಲ್ಲಿ ನಮ್ಮ ಮನೆಯಲ್ಲಿದ್ದಳು. ಹೊಟ್ಟೆ ಗಡ್ಡೆಕಟ್ಟಿ ಬಾತು, ಸೀರೆಯ ಗಂಟು ತಾಗದಂತೆ ಮೇಲೆ ಕಟ್ಟಿಕೊಳ್ಳುತ್ತಿದ್ದಳು. ಅಪ್ಪ ಅಣ್ಣನಿಗೆ ಎದುರು ಹೇಳುವವರಲ್ಲ. ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಲು ಅಮ್ಮನಿಗೆ ಹೇಳುವುದಷ್ಟೇ ಅವರಿಂದಾದದ್ದು.

ಸುದ್ದಿಯನ್ನು ಯಾರು ಒಯ್ದರೋ, ಗಂಡಿನ ಮನೆಗೆ ಮುಟ್ಟಿತು. ಒಂದು ಮಧ್ಯಾಹ್ನ ದೊಡ್ಡಪ್ಪ ಕ್ವಾರ್ಟರ್ಸಿಗೆ ಬಂದರು. ಕೂರಲಿಲ್ಲ. ಅಕ್ಕನ ಎದುರಿಗೇ ಅಪ್ಪನಿಗೆ ಹೇಳಿದರು: "ಅವ್ರು ದೊಡ್ಡೋಳು ಬೇಡ ಅಂದ್ರು. ಚಿಕ್ಕೋಳನ್ನ ಒಪ್ಕೊಂಡಿದಾರೆ. ಛತ್ರ ಅದೇ, ದಿನಾನೂ ಅದೇ. ಬದಲಾಯಿಸೋದೇನಿಲ್ಲ." ಆಮೇಲೆ ಅಕ್ಕನ ಕಡೆ ತಿರುಗಿ, "ಮದುವೆ ಕೆಲಸ ಇದೆ, ಮನೆಗೆ ಬಾ ಅಂದ್ಲು ನಿಮ್ಮಮ್ಮ," ಎಂದರು.

ಅಕ್ಕ ಹೋದಳು. ಹೋಗಬೇಡ ಎಂದು ಹೇಳಲು ನನ್ನ ಬಳಿ ಅವಳಿಗೆ ಕೊಡುವಂಥ ಬೇರೆ ಮನೆ ಇರಲಿಲ್ಲ.

ಅಲ್ಲಿ ಅವಳಿಗೆ ಬೇರೆ ತಟ್ಟೆ, ಬೇರೆ ಚಾಪೆ. ದಿನಾ ಬೆಳಗ್ಗೆ ದೊಡ್ಡಮ್ಮ ಲೋಟದಲ್ಲಿ ನೀರು ಕೊಟ್ಟು ಎದುರಿಗೇ ನಿಂತು, ಗುಟುಕು ಗಂಟಲಲ್ಲಿ ಇಳಿಯುವುದನ್ನು ನೋಡಿದ ಮೇಲೆಯೇ ಅವಳನ್ನು ಅಡುಗೆಮನೆಗೆ ಬಿಡುತ್ತಿದ್ದರಂತೆ. ಬೀದಿಯ ಮಕ್ಕಳು ಅವಳ ಮೇಲೆ ನೀರು ಎರಚಿ, ಹೆದರುತ್ತಾಳೋ ನೋಡಿ, ಊಳಿಡುತ್ತಾ ಓಡುತ್ತಿದ್ದರು. ಇದನ್ನು ಚಿಕ್ಕವಳು ನನಗೆ ನಗುತ್ತಲೇ ಹೇಳಿದಳು.

ಮದುವೆ ಶಿವಮೊಗ್ಗದ ಒಂದು ಛತ್ರದಲ್ಲಿ ನಡೆಯಿತು. ಮಧ್ಯಾಹ್ನದ ಪಂಕ್ತಿಯಲ್ಲಿ ಅಕ್ಕ ಸಾರಿನ ಬಕೆಟ್ ಹಿಡಿದು ಬಡಿಸುತ್ತಾ ಬಂದಳು. ಗಂಡಿನ ತಾಯಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಪಕ್ಕದವರೂ ಹಿಡಿದರು. ಪಂಕ್ತಿ ಪೂರ್ತಿ ಒಂದರ ಹಿಂದೊಂದು ಎಲೆಗಳು ಮುಚ್ಚಿಕೊಂಡವು. ಆಕೆ ತಮ್ಮ ನೀರಿನ ಲೋಟವನ್ನು ಎತ್ತಿ ಅಕ್ಕನತ್ತ ಚಾಚಿದರು.

"ಒಂಚೂರು ಕುಡಿಯಮ್ಮ. ನಾವೂ ನೋಡ್ತೀವಿ."

ದೊಡ್ಡಪ್ಪ ಕಂಬದ ಬಳಿ ನಿಂತಿದ್ದರು. ಅವರೂ ಲೋಟವನ್ನೇ ನೋಡುತ್ತಿದ್ದರು. ಅಕ್ಕ ಬಕೆಟ್ ಕೆಳಗಿಟ್ಟು ಲೋಟ ತೆಗೆದುಕೊಂಡಳು. ಬಾಯಿಗೆ ಕಚ್ಚದೆ, ಎತ್ತಿ, ಒಂದೇ ಉಸಿರಿಗೆ ಕುಡಿದಳು.

"ಇನ್ನೊಂದು ಲೋಟ ಕೊಡಿ," ಎಂದಳು.

ಕೊಟ್ಟರು. ಅದನ್ನೂ ಕುಡಿದಳು. ನೀರು ಗಲ್ಲದಿಂದ ಇಳಿದು ರವಿಕೆಯ ಮುಂಭಾಗ ಒದ್ದೆಯಾಯಿತು.

"ಸದ್ಯಕ್ಕೆ ಏನೂ ಇಲ್ಲ ಬಿಡಿ," ಎಂದು ಆಕೆ ಪಕ್ಕದವರಿಗೆ ಹೇಳಿದರು. ಎಲೆಯ ಮೇಲಿನ ಕೈ ಮಾತ್ರ ತೆಗೆಯಲಿಲ್ಲ. "ಆದ್ರೂ ಬಡಿಸೋದು ಬೇಡ. ಬೇರೆ ಯಾರಾದ್ರೂ ಬರ್ಲಿ."

ಅಕ್ಕ ಬಕೆಟ್ಟನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಸಾರು ಆರುತ್ತಿತ್ತು, ಜನ ಕಾಯುತ್ತಿದ್ದರು. ನಾನು ಬಡಿಸುತ್ತಾ ಹೋದೆ.