ಒರಳಿನಲ್ಲಿ ಬಾರದ ಬಣ್ಣ

ಅರವತ್ತರ ದಶಕದ ಆರಂಭದಲ್ಲಿ ನಾನು ಮದುವೆಯಾಗಿ ಕುಮಟೆಗೆ ಬಂದಾಗ, ನನ್ನ ಗಂಡ ಮುಂಬಯಿಯ ಸಂಶೋಧನೆಯನ್ನು ಅರ್ಧಕ್ಕೇ ಬಿಟ್ಟು ಹೈಸ್ಕೂಲು ಮಾಸ್ತರರಾಗಿದ್ದರು. ಕಬ್ಬಿಣವನ್ನು ಇಂಗಾಲದ ಸಂಯುಕ್ತದೊಂದಿಗೆ ಕೂಡಿಸಿದರೆ ಕಿತ್ತಳೆ ಬಣ್ಣದ ಹೊಸ ವಸ್ತು ಹುಟ್ಟುತ್ತದೆಂದು ಅವರು ಓದಿದ್ದರು. ಅದನ್ನು ಯಾವ ದ್ರಾವಕವೂ ಇಲ್ಲದೆ ಬರೀ ಅರೆದೇ ಮಾಡಬೇಕೆಂಬುದು ಅವರ ಹಟ. ಸ್ನೇಹಿತರೊಬ್ಬರು ಮುಂಬಯಿಯಿಂದ ಅದಕ್ಕೆ ಬೇಕಾದ ರಾಸಾಯನಿಕಗಳನ್ನು ಕಳಿಸಿಕೊಟ್ಟರು.

ಒಂದು ಮಧ್ಯಾಹ್ನ ಹಿತ್ತಲಿನ ಕಲ್ಲೊರಳಿಗೆ ಎಲ್ಲವನ್ನೂ ಹಾಕಿ, ಚರ್ಮ ಸುಡುವಂಥ ಕಾಸ್ಟಿಕ್ ಕ್ಷಾರದ ಹರಳು ಸೇರಿಸಿ ಅರೆಯತೊಡಗಿದರು. ಸಮುದ್ರದ ಗಾಳಿಗೆ ಕಾಸ್ಟಿಕ್ ನೀರೊಡೆಯುತ್ತಿತ್ತು. ಅದು ಕರಗುವ ಮೊದಲೇ ಮುಗಿಸುವ ಅವಸರದಲ್ಲಿ ಜೋರಾಗಿ ಕುಟ್ಟಿದರು. ಚೂರುಗಳು ಎರಡೂ ಕಣ್ಣಿಗೆ ಸಿಡಿದವು.

ಬಾವಿಕಟ್ಟೆಗೆ ಎಳೆದೊಯ್ದು ಕೊಡಗಟ್ಟಲೆ ನೀರು ಹೊಯ್ದೆ. ಆ ಉರಿಯಲ್ಲೂ ಅವರು ಕೇಳಿದರು, “ಒರಳಲ್ಲಿ ಎಂತ ಬಣ್ಣ ಬಂತು?”

“ಅದು ಇರ್ಲಿ, ಕಣ್ಣು ಬಿಡಿ.”

“ನೋಡಿ ಹೇಳು ಮಾರಾಯ್ತಿ.”

ಹೋಗಿ ನೋಡಿ ಬಂದೆ. “ಕಪ್ಪು. ಕೆಸರಿನ ಹಾಗೆ ಆಗಿದೆ.”

ಅವರು ಮತ್ತೆ ನೀರಿಗೆ ಮುಖ ಒಡ್ಡಿದರು.

ಹೊನ್ನಾವರದ ಡಾಕ್ಟರಿಗೆ ಒಂದು ಕಣ್ಣನ್ನೂ ಉಳಿಸಲಾಗಲಿಲ್ಲ. ಕೆಲಸ ಹೋಯಿತು. ನಾನು ಹಪ್ಪಳ ಮಾಡಿ ಮಾರತೊಡಗಿದೆ. ಅವರು ದಿನವಿಡೀ ಜಗಲಿಯಲ್ಲಿ ಕೂತು ಬಸ್ಸುಗಳ ಸದ್ದು ಕೇಳುತ್ತಿದ್ದರು. ಯಾರಾದರೂ ರಸಾಯನಶಾಸ್ತ್ರದ ಮಾತೆತ್ತಿದರೆ ಗೋಡೆ ಹಿಡಿದುಕೊಂಡು ಒಳಗೆ ಹೋಗಿಬಿಡುತ್ತಿದ್ದರು.