ಪಿಕ್ಚರ್ ಟ್ಯೂಬ್ ಹೋಗುತ್ತೆ ಅಂತ ಬರೆದುಕೊಟ್ಟಿದ್ದು

ಅಭಿಪ್ರಾಯ ಇಟ್ಟುಕೊಂಡವರನ್ನು ಕಂಡರೆ ನನಗೆ ಆಗುವುದಿಲ್ಲ. ಅದರಲ್ಲೂ ಒಂದು ಯಂತ್ರದ ಸ್ಕ್ರೂ ಬಿಚ್ಚಿಯೂ ನೋಡದೆ ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡುವವರನ್ನು ಕಂಡರೆ ಮೈ ಉರಿಯುತ್ತದೆ. ನಾನು ಇಂದಿರಾನಗರದಲ್ಲಿದ್ದ ವರ್ಷಗಳಲ್ಲಿ ಇಂಥವರಿಗೆ ಬರವಿರಲಿಲ್ಲ. ಕೇಬಲ್ ಟಿವಿ ಬಂದಾಗ ಸಂಸಾರಗಳು ಹಾಳಾಗುತ್ತವೆ ಎಂದರು, ಎಲ್ಲರಿಗಿಂತ ಮೊದಲು ತಾವೇ ಕನೆಕ್ಷನ್ ಹಾಕಿಸಿಕೊಂಡರು. ಸೈಬರ್ ಕೆಫೆ ಬಂದಾಗ ಅಲ್ಲಿ ಹುಡುಗರು ಏನೇನು ನೋಡುತ್ತಾರೋ ಎಂದು ಬಾಯಿ ಬಡಿದುಕೊಂಡರು. ಮಗಳಿಗೆ ಅಮೆರಿಕದ ಗಂಡು ಹುಡುಕಲು ಓಡಿದ್ದು ಅಲ್ಲಿಗೇ. ಮೊಬೈಲಿನಿಂದ ಮೆದುಳು ಬೇಯುತ್ತದೆ ಎಂದು ಒಬ್ಬರು ನನಗೆ ಅರ್ಧ ಗಂಟೆ ವಿವರಿಸಿದರು, ಮೊಬೈಲಿನಲ್ಲೇ. ಇವೆಲ್ಲದರ ನಡುವೆ, ತೊಂಬತ್ತರ ದಶಕದ ಕೊನೆಗೆ, ವಿಡಿಯೋ ಗೇಮಿನ ಸರದಿ ಬಂದಿತ್ತು. ನಾನು ಹೇಳಬೇಕಿರುವುದು ಅದನ್ನೇ. ಯಾಕೆಂದರೆ ಅದರಲ್ಲಿ ನನ್ನ ಪಾಲೂ ಇದೆ.

ನಾನು ಬೀದರ್ ಕಡೆಯವಳು. ಐಟಿಐ ಮುಗಿಸಿ ಬಂದು ಕೆ.ಆರ್. ಪುರದ ಆಚೆ ಒಂದು ಟಿವಿ ಫ್ಯಾಕ್ಟರಿಯಲ್ಲಿ ಸೋಲ್ಡರಿಂಗ್ ಸಾಲಿನಲ್ಲಿ ಕೂರುತ್ತಿದ್ದೆ. ಫ್ಯಾಕ್ಟರಿ ಮುಚ್ಚಿತು. ಗಂಡ ಮಹದೇವಪುರದ ಲೇತ್ ಶೆಡ್ಡಿನಲ್ಲಿ ದುಡಿಯುತ್ತಿದ್ದ. ನಾನು ಮನೆಯಲ್ಲೇ ಒಂದು ಮೇಜು ಹಾಕಿಕೊಂಡು ರಿಪೇರಿ ಶುರುಮಾಡಿದೆ. ಹೆಂಗಸು ಟಿವಿ ಬಿಚ್ಚುತ್ತಾಳೆ ಎಂದರೆ ಜನಕ್ಕೆ ನಂಬಿಕೆ ಬರಲು ಎರಡು ವರ್ಷ ಬೇಕಾಯಿತು, ಮನೆ ಕೊಡುವವರಿಗೆ ಅಷ್ಟೂ ಸಾಕಾಗಲಿಲ್ಲ. ಕಾಯಿಸಿದ ಸೀಸದ ವಾಸನೆ, ಕರೆಂಟು, ಬಂದು ಹೋಗುವವರ ಚಪ್ಪಲಿ ಎಂದು ಒಂದೊಂದು ನೆಪ ಹೇಳಿ ಎರಡು ಮನೆಯವರು ಬಿಡಿಸಿದ್ದರು. ಮೂರನೆಯದು ಇಂದಿರಾನಗರದ ಒಂದು ದೊಡ್ಡ ಮನೆಯ ಹಿಂದಿನ ಕೋಣೆ. ಪೂರ್ವಕ್ಕೆ ಕಿಟಕಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಒಳ್ಳೆ ಬೆಳಕು. ಅಂಥ ಬೆಳಕು ಬೀಳುವ ಮೇಜು ನನಗೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ಮನೆಯ ಯಜಮಾನರು ನಿವೃತ್ತ ಅಧಿಕಾರಿ, ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು ಕೂಡ. ಎಲ್ಲರೂ ಅವರನ್ನು ಅಧ್ಯಕ್ಷರೇ ಎಂದೇ ಕರೆಯುತ್ತಿದ್ದರು, ಅವರ ಹೆಂಡತಿಯೂ ಸೇರಿ. ಮನುಷ್ಯ ಕೆಟ್ಟವರಲ್ಲ. ಆದರೆ ಬೆಳಗಿನ ಪೇಪರು ಓದಿ ಮುಗಿಸುವಷ್ಟರಲ್ಲಿ ಅವರಿಗೆ ಏಳೆಂಟು ಅಭಿಪ್ರಾಯಗಳು ಹುಟ್ಟಿರುತ್ತಿದ್ದವು, ಅವನ್ನು ಯಾರ ಮೇಲಾದರೂ ಇಳಿಸದೆ ಅವರಿಗೆ ತಿಂಡಿ ಸೇರುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಮೇಜು ಬಿಟ್ಟು ಏಳಲಾರದ ನಾನು ಸುಲಭಕ್ಕೆ ಸಿಗುತ್ತಿದ್ದೆ.

ಆ ಕಾಲಕ್ಕೆ ನನ್ನ ಮೇಜಿಗೆ ಬರುತ್ತಿದ್ದುದರಲ್ಲಿ ಅರ್ಧಕ್ಕರ್ಧ ಟಿವಿ ಗೇಮುಗಳು. ಟಿವಿಗೆ ಸಿಕ್ಕಿಸಿ ಕ್ಯಾಸೆಟ್ ಹಾಕಿ ಆಡುವ ಡಬ್ಬಿಗಳು. ಬಹುಪಾಲು ಹಾಳಾಗುತ್ತಿದ್ದುದು ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಜಾಯ್‌ಸ್ಟಿಕ್. ತಂದುಕೊಡುವವರು ಬಾಗಿಲಲ್ಲೇ ನಿಂತು ಮೊದಲು ಭಾಷಣ ಮಾಡಬೇಕು: ಇದೊಂದು ಪಿಡುಗು ಕಣಮ್ಮಾ, ಮಕ್ಕಳ ಕಣ್ಣು ಹೋಯ್ತು, ಓದು ಹೋಯ್ತು, ಹೊಡಿ ಬಡಿ ಬುದ್ಧಿ ಬಂತು. ಭಾಷಣ ಮುಗಿದ ಮೇಲೆ, "ನಾಳೆ ಸಿಗತ್ತಾ?" ಎಂದು ಕೇಳಬೇಕು.

ಅವರಿಗೆ ಗೊತ್ತಿಲ್ಲದ್ದು ಏನೆಂದರೆ, ಜಾಯ್‌ಸ್ಟಿಕ್ ಬಿಚ್ಚಿದರೆ ಯಾರು ಆಡಿದ್ದು ಎನ್ನುವುದು ಗೊತ್ತಾಗಿಬಿಡುತ್ತದೆ. ಗುಂಡಿಯ ಕೆಳಗೆ ಕರೀ ರಬ್ಬರಿನ ತುಂಡುಗಳಿರುತ್ತವೆ, ಕೈಗೆ ಅಂಟಿದ್ದೆಲ್ಲ ಸಂದಿಯಿಂದ ಇಳಿದು ಅದರ ಮೇಲೆ ಕೂರುತ್ತದೆ. ಮಕ್ಕಳದ್ದಾದರೆ ಬಿಸ್ಕತ್ತಿನ ಪುಡಿ. "ನಮ್ಮನೇಲಿ ಇದನ್ನ ನಾನು ಮುಟ್ಟೋದೂ ಇಲ್ಲಪ್ಪ" ಎಂದ ಒಬ್ಬ ಗೃಹಿಣಿಯ ಜಾಯ್‌ಸ್ಟಿಕ್ಕಿನಲ್ಲಿ ನಾಲ್ಕೂ ಗುಂಡಿಗಳ ಸುತ್ತ ಅರಿಶಿನ. ಹೈಸ್ಕೂಲು ಮೇಷ್ಟರೊಬ್ಬರದ್ದರಲ್ಲಿ ಸೀಮೆಸುಣ್ಣ. ಅಧ್ಯಕ್ಷರದ್ದು ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. "ಮೊಮ್ಮಗನದ್ದು ಕಣಮ್ಮಾ" ಎನ್ನುತ್ತಿದ್ದರು. ಮೊಮ್ಮಗ ಬರುತ್ತಿದ್ದುದು ಬೇಸಿಗೆ ರಜೆಗೆ, ದೆಹಲಿಯಿಂದ. ಬಿಚ್ಚಿದರೆ ಒಳಗೆಲ್ಲ ನಸ್ಯ. ಒರೆಸುವಾಗ ನನಗೆ ಸೀನು ಬರುತ್ತಿತ್ತು.

ಯಾರಿಗೂ ಹೇಳಲಿಲ್ಲ. ಒಳಗೆ ಕಂಡದ್ದನ್ನು ಹೊರಗೆ ಆಡಬಾರದು ಎನ್ನುವುದು ನಮ್ಮ ಕೆಲಸದ ಮರ್ಯಾದೆ. ನನಗೆ ಆ ಆಟಗಳ ಮೇಲೆ ಪ್ರೀತಿಯೇನೂ ಇರಲಿಲ್ಲ. ಒಬ್ಬ ಓಡುತ್ತಾನೆ, ಗುಂಡಿಗೆ ಬೀಳುತ್ತಾನೆ, ಮತ್ತೆ ಮೊದಲಿಂದ ಓಡುತ್ತಾನೆ. ಟೆಸ್ಟ್ ಮಾಡುವಾಗ ನೋಡಿ ನೋಡಿ ಸಾಕಾಗಿತ್ತು. ಆದರೆ ಸೋತರೆ ಸೋತೆ ಎಂದು ಮುಖಕ್ಕೆ ಹೇಳುವ ಯಂತ್ರ ಅದು. ಸಂಘದ ಸಭೆಯಲ್ಲಿ ಅಷ್ಟು ನೇರವಾಗಿ ಮಾತಾಡುವವರು ಒಬ್ಬರೂ ಇರಲಿಲ್ಲ.

ನನ್ನ ಮೇಜಿಗೆ ನಿಜವಾದ ಆಧಾರ ಹಲಸೂರು ಮಾರ್ಕೆಟ್ಟಿನ ಹಿಂದಿದ್ದ ಒಂದು ಗೇಮ್ ಪಾರ್ಲರ್. ಐದು ಹಳೇ ಟಿವಿ, ಐದು ಡಬ್ಬಿ, ಮರದ ಬೆಂಚು. ನಡೆಸುತ್ತಿದ್ದವರು ಶಿವಾಜಿನಗರದ ಒಬ್ಬ ಸಾಬರು, ನಾನು ಭಾಯ್ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾ ಎನ್ನುತ್ತಿದ್ದರು, ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ. ಹೆಂಗಸಿನ ಕೈಗೆ ಮೊದಲ ಸಲ ಟಿವಿ ಒಪ್ಪಿಸಿದ ಗಿರಾಕಿ ಅವರೇ. ನಮ್ಮ ಬೀದರಿನಲ್ಲಿ ಸಂತೆಯಲ್ಲಿ ಆಡುವ ದಖ್ಖನಿ ಉರ್ದುವಿಗೂ ಅವರ ಮನೆಯ ದಖ್ಖನಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಅವರು ಬಂದರೆ ನಾವು ಅದರಲ್ಲೇ ಮಾತಾಡುತ್ತಿದ್ದೆವು, ನನಗೆ ಊರಿಗೆ ಹೋಗಿ ಬಂದಂತಾಗುತ್ತಿತ್ತು. ಸ್ಕೂಲ್ ಯೂನಿಫಾರ್ಮಿನಲ್ಲಿ ಬಂದವರನ್ನು ಅವರು ಬೆಂಚಿಗೆ ಹತ್ತಿಸುತ್ತಿರಲಿಲ್ಲ. ಅಲ್ಲಿ ಹೆಚ್ಚಾಗಿ ಆಡುತ್ತಿದ್ದುದು ವಿಮಾನಪುರದ ಕಡೆಯಿಂದ ಶಿಫ್ಟ್ ಮುಗಿಸಿ ಬರುವ ಹುಡುಗರು, ಮಾರ್ಕೆಟ್ಟಿನ ಹಮಾಲಿಗಳು. ಇದನ್ನೆಲ್ಲ ನೋಡಲು ಸಂಘದವರು ಯಾರೂ ಅಲ್ಲಿಗೆ ಹೋಗಿರಲಿಲ್ಲ, ಹೋಗದೆಯೇ ಎಲ್ಲ ಗೊತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಸಂಘದ ಸಭೆ ಅಧ್ಯಕ್ಷರ ಮನೆಯ ಅಂಗಳದಲ್ಲೇ, ನನ್ನ ಕಿಟಕಿಯ ಪಕ್ಕಕ್ಕೇ ಸೇರಿತು. ವಿಷಯ: ವಿಡಿಯೋ ಗೇಮ್ ಮತ್ತು ನಮ್ಮ ಮಕ್ಕಳು. ನಾನು ಕಿಟಕಿಯ ಒಳಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡೆ. ಎಲ್ಲೋ ಒಂದು ದೇಶದಲ್ಲಿ ಮಕ್ಕಳಿಗೆ ಫಿಟ್ಸ್ ಬಂತಂತೆ ಎಂದರು ಒಬ್ಬರು. ಆಟದಲ್ಲಿ ಕೊಂದವನು ನಾಳೆ ಬೀದಿಯಲ್ಲಿ ಕೊಲ್ಲುತ್ತಾನೆ ಎಂದರು ಇನ್ನೊಬ್ಬರು. ಸೀಮೆಸುಣ್ಣದ ಮೇಷ್ಟರು ಸಂಸ್ಕೃತಿ ಎನ್ನುವ ಪದವನ್ನು ಬಿಡದೆ ಹಿಡಿದುಕೊಂಡಿದ್ದರು. ಕುರ್ಚಿಯ ಮೇಲಿದ್ದವರು ಆಕಳಿಸುತ್ತಿದ್ದರು, ಉಪ್ಪಿಟ್ಟು ಎಲ್ಲಿಯವರೆಗೆ ಬಂತು ಎಂದು ಅಡುಗೆಮನೆಯ ಕಡೆ ನೋಡುತ್ತಿದ್ದರು. ಆಗ ಯಾರೋ ಹಿಂದಿನಿಂದ, "ಅದಿರ್ಲಿ ಸಾರ್, ಗೇಮ್ ಹಾಕಿದ್ರೆ ಟಿವಿ ಪಿಕ್ಚರ್ ಟ್ಯೂಬ್ ಹೋಗತ್ತಂತೆ, ನಿಜಾನಾ?" ಎಂದರು.

ಇಡೀ ಸಭೆ ನೆಟ್ಟಗೆ ಕೂತಿತು. ಮಕ್ಕಳು ಹಾಳಾಗುತ್ತಾರೆ ಎಂದಾಗ ಅಲುಗಾಡದ ಜನ ಟಿವಿ ಹಾಳಾಗುತ್ತದೆ ಎಂದ ಕೂಡಲೇ ಹೌಹಾರಿದರು. ಎಲ್ಲರ ಮನೆಯಲ್ಲೂ ಶೋಕೇಸಿನ ನಡುವೆ ಕಸೂತಿ ಬಟ್ಟೆ ಹೊದಿಸಿ ಕೂರಿಸಿದ್ದ ಟಿವಿ. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ.

ನಗು ಸಂಜೆಯವರೆಗೂ ಉಳಿಯಲಿಲ್ಲ. ಅಧ್ಯಕ್ಷರು ಹಿಂದಿನ ಬಾಗಿಲಿಗೆ ಬಂದು ನಿಂತರು.

"ನೋಡಮ್ಮಾ, ಒಂದು ಕಾಗದ ಬರ್ದುಕೊಡ್ಬೇಕಲ್ಲ. ಗೇಮ್ ಆಡಿದ್ರೆ ಟ್ಯೂಬ್ ಹೋಗತ್ತೆ ಅಂತ. ತಾಂತ್ರಿಕವಾಗಿ ಗೊತ್ತಿರೋರು ಹೇಳಿದ್ರೆ ತೂಕ ಬರತ್ತೆ."

"ಹಾಗೇನೂ ಆಗಲ್ಲ ಸಾರ್" ಎಂದೆ. "ಒಂದೇ ಚಿತ್ರ ಅಲುಗಾಡ್ದೆ ತಿಂಗಳುಗಟ್ಲೆ ನಿಂತ್ರೆ ಗಾಜಿನ ಮೇಲೆ ಗುರುತು ಬೀಳ್ಬೋದು. ಆಟದಲ್ಲಿ ಚಿತ್ರ ಓಡ್ತಾನೇ ಇರತ್ತೆ. ವಾರ್ತೆ ನೋಡಿದ್ರೂ ಅಷ್ಟೇ, ಆಟ ಆಡಿದ್ರೂ ಅಷ್ಟೇ."

"ಗುರುತು ಬೀಳ್ಬೋದು ಅಂದ್ಯಲ್ಲ, ಅಷ್ಟು ಸಾಕು. ಸಾಧ್ಯತೆ ಇದೆ ಅಂತ ಬರಿ." ಆಮೇಲೆ ಕೋಣೆಯ ಒಳಗೆ ಕಣ್ಣಾಡಿಸಿದರು, ಮೇಜಿನ ಮೇಲೆ ಅವರದ್ದೇ ಜಾಯ್‌ಸ್ಟಿಕ್ ಬಿಚ್ಚಿ ಬಿದ್ದಿತ್ತು, ಅದನ್ನು ಮಾತ್ರ ನೋಡಲಿಲ್ಲ. "ಮನೆ ಒಳಗೆ ಅಂಗಡಿ ನಡೆಸ್ಬಾರ್ದು ಅಂತ ಇವತ್ತು ಸಭೇಲಿ ಮಾತು ಬಂತಮ್ಮಾ. ನಾನೇ, ನಮ್ಮ ಹುಡುಗಿ, ನಾನು ನೋಡ್ಕೋತೀನಿ ಅಂದೆ."

ನಾನು ಕಿಟಕಿಯ ಹಿಂದೆಯೇ ಇದ್ದೆ. ಅಂಥ ಮಾತು ಬಂದಿರಲಿಲ್ಲ. ಮೂರನೆಯ ಮನೆ, ಪೂರ್ವದ ಕಿಟಕಿ, ನಾಲ್ಕನೆಯ ಮನೆ ಹುಡುಕುವುದು ಎಂದರೆ ಏನು ಎಂದು ನನಗೆ ಗೊತ್ತಿತ್ತು. ನಸ್ಯದ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಮರ್ಯಾದೆ ಎಂದು ಆಗ ಅಂದುಕೊಂಡೆ, ಹೆದರಿಕೆ ಎಂದು ಈಗ ಗೊತ್ತು. ಕಾಗದ ತೆಗೆದುಕೊಂಡು ಬರೆದೆ: ವಿಡಿಯೋ ಗೇಮ್ ಬಳಕೆಯಿಂದ ಟಿವಿಯ ಪಿಕ್ಚರ್ ಟ್ಯೂಬಿಗೆ ಹಾನಿಯಾಗುವ ಸಾಧ್ಯತೆ ಇರುತ್ತದೆ. ಕೆಳಗೆ ನನ್ನ ಹೆಸರು, ಐಟಿಐ ಎಲೆಕ್ಟ್ರಾನಿಕ್ಸ್ ಎಂದೂ ಹಾಕಿಸಿದರು. ಸಾಧ್ಯತೆ ಎನ್ನುವುದು ಎಂಥ ಹೇಡಿಗಳ ಪದ ಎಂದು ಆವತ್ತು ಕಲಿತೆ. ಯಾರೂ ಅದನ್ನು ಓದುವುದಿಲ್ಲ, ಅದರ ಆಚೀಚೆ ಇರುವುದನ್ನಷ್ಟೇ ಓದುತ್ತಾರೆ.

ಎರಡೇ ದಿನದಲ್ಲಿ ಆ ಕಾಗದದ ಜೆರಾಕ್ಸು ಹಾಲಿನ ಬೂತು, ದಿನಸಿ ಅಂಗಡಿ, ಶಾಲೆಯ ಗೇಟು ಎಲ್ಲ ಕಡೆ ಅಂಟಿತು. ಹಲಸೂರಿನವರೆಗೂ ಹೋಯಿತು. ಮನೆಮನೆಗಳಲ್ಲಿ ಡಬ್ಬಿಗಳು ಅಟ್ಟ ಸೇರಿದವು. ನನ್ನ ಮೇಜಿನ ಕೆಲಸ ಅರ್ಧವಾಯಿತು. ಆ ಮೇಜು ಉಳಿಸಿಕೊಳ್ಳಲೆಂದೇ ನಾನು ಬರೆದುಕೊಟ್ಟಿದ್ದು. ಅಧ್ಯಕ್ಷರು ಮಾತ್ರ ತಮ್ಮ ಜಾಯ್‌ಸ್ಟಿಕ್ ಒಯ್ಯಲು ಮೂರನೇ ದಿನಕ್ಕೇ ಬಂದರು. "ರಿಪೇರಿ ಆಯ್ತೇನಮ್ಮಾ? ರಜಕ್ಕೆ ಹುಡುಗ ಬರ್ತಾನೆ." ಆಗಿನ್ನೂ ಜುಲೈ ತಿಂಗಳು.

ಇನ್ನೆರಡು ವಾರಕ್ಕೆ, ಮಧ್ಯಾಹ್ನ ಊಟದ ಹೊತ್ತು ಮುಗಿಯುವಾಗ, ಗೇಟಿನ ಮುಂದೆ ಒಂದು ಲಗೇಜ್ ಆಟೋ ನಿಂತಿತು. ಭಾಯ್ ಇಳಿದರು. ಹಿಂದೆ ಹಳೇ ಕಂಬಳಿಯಲ್ಲಿ ಸುತ್ತಿದ ಐದು ಟಿವಿಗಳು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ, ಬಂದಿದ್ದರೆ ಒಳ್ಳೆಯದಾಗುತ್ತಿತ್ತು. ಅಧ್ಯಕ್ಷರು ವರಾಂಡದಲ್ಲಿ ಪೇಪರು ಹಿಡಿದು ಕೂತಿದ್ದರು. ದೊಡ್ಡವರ ಎದುರು ಅವರಿಗೆ ತಿಳಿಯದ ಭಾಷೆ ಆಡಬಾರದು ಎಂದಿರಬೇಕು, ಭಾಯ್ ಕನ್ನಡದಲ್ಲೇ ಮಾತಾಡಿದರು.

"ಅಕ್ಕಾ, ಅಂಗಡಿ ಮುಚ್ಚಿಬಿಟ್ಟೆ. ಗೇಮೆಲ್ಲಾ ಕೊಟ್ಟಾಯ್ತು. ಕಮರ್ಷಿಯಲ್ ಸ್ಟ್ರೀಟಲ್ಲಿ ಭಾವನ ಬಟ್ಟೆ ಅಂಗಡಿ ಇದೆ, ಅಲ್ಲಿ ಹೋಗ್ತೀನಿ ನಾಳೆಯಿಂದ. ಟಿವಿಗಳನ್ನ ಫ್ರೇಜರ್ ಟೌನಲ್ಲಿ ಮದುವೆ ವಿಡಿಯೋ ತೆಗೆಯೋರು ಕೇಳಿದಾರೆ. ಕೊಡೋ ಮೊದ್ಲು ಟ್ಯೂಬ್ ಎಷ್ಟು ಹಾಳಾಗಿದೆ ನೋಡ್ಬಿಡಿ. ಹಾಳಾಗಿರೋದನ್ನ ಚೆನ್ನಾಗಿದೆ ಅಂತ ಕೊಡ್ಬಾರ್ದಲ್ವಾ?"

"ಪೊಲೀಸ್ನೋರು ಬಂದಿದ್ರಾ?" ಎಂದು ಕೇಳಿದೆ. "ಸಂಘದವರು ಏನಾದ್ರೂ..."

"ಅಯ್ಯೋ, ಅವ್ರೆಲ್ಲಾ ಎಷ್ಟೋ ಸಲ ಬಂದಿದಾರೆ, ಬೈದು ಹೋಗ್ತಾರೆ. ಅದಕ್ಕೆಲ್ಲಾ ಅಂಗಡಿ ಮುಚ್ತಾರಾ? ನಿಮ್ಮ ಕಾಗದ ಮಾರ್ಕೆಟ್ಟಲ್ಲಿ ಒಬ್ರು ಓದಿ ಹೇಳಿದ್ರು. ಬೇರೆ ಯಾರಾದ್ರೂ ಬರೆದಿದ್ರೆ ನಗ್ತಿದ್ದೆ. ನೀವು ಬರೆದಿದ್ದೀರಿ ಅಂದ್ಮೇಲೆ ಮುಗೀತು." ಆಮೇಲೆ ದನಿ ತಗ್ಗಿಸಿ ಹೇಳಿದರು: "ಹೋದ ವರ್ಷ ಒಂದು ಟ್ಯೂಬ್ ಹೋಗಿತ್ತಲ್ಲ, ಆಗ ನೀವು ವಯಸ್ಸಾಗಿದೆ ಭಾಯ್ ಅಂದ್ರಿ. ನನಗೆ ಬೇಜಾರಾಗ್ಬಾರ್ದು ಅಂತ ಹಾಗಂದ್ರಿ, ಈಗ ಗೊತ್ತಾಯ್ತು."

ಆ ಟ್ಯೂಬಿಗೆ ನಿಜವಾಗಿಯೂ ವಯಸ್ಸಾಗಿತ್ತು.

ಒಂದೊಂದೇ ಟಿವಿ ಇಳಿಸಿ, ವರಾಂಡದ ಪ್ಲಗ್ಗಿಗೇ ಹಾಕಿ ನೋಡಿದೆ. ಮೊದಲನೆಯದು ಚೆನ್ನಾಗಿತ್ತು. ಎರಡನೆಯದರ ಬಣ್ಣ ಅಂಗಡಿಗೆ ಬಂದ ದಿನದ ಹಾಗೇ ಇತ್ತು. ಮೂರನೆಯದರ ಸ್ಪೀಕರ್ ಸ್ವಲ್ಪ ಗೊರಗುಟ್ಟುತ್ತಿತ್ತು, ಅಷ್ಟೇ. ಐದೂ ಟ್ಯೂಬುಗಳಿಗೆ ಏನೂ ಆಗಿರಲಿಲ್ಲ, ಇನ್ನೂ ಎಷ್ಟೋ ವರ್ಷ ಬಾಳುತ್ತಿದ್ದವು. ಭಾಯ್ ನನ್ನ ಭುಜದ ಹಿಂದೆ ಉಸಿರು ಹಿಡಿದು ನಿಂತಿದ್ದರು.

"ಎಲ್ಲಾ ಚೆನ್ನಾಗಿವೆ ಭಾಯ್" ಎಂದೆ.

ಅವರ ಮುಖ ಅರಳಿತು. ಎರಡೂ ಕೈ ಜೋಡಿಸಿದರು. "ಸರಿಯಾದ ಟೈಮಲ್ಲಿ ಹೇಳಿದ್ರಿ ಅಕ್ಕಾ. ಇನ್ನೊಂದು ತಿಂಗಳು ಬಿಟ್ಟಿದ್ರೆ ಇವೂ ಹೋಗ್ತಿದ್ವು."

ದಖ್ಖನಿಯಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ವರಾಂಡದಲ್ಲಿದ್ದವರಿಗೆ ಅದು ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ, ನನ್ನ ಕೋಣೆಗೂ ಮೇಜಿಗೂ ಏನೂ ಆಗುತ್ತಿರಲಿಲ್ಲ. ಆ ಒಂದು ಮಾತು ನನ್ನ ಬಾಯಿಗೆ ಬರಲಿಲ್ಲ, ಯಾಕೆಂದರೆ ಅದನ್ನು ಕೇಳಿಸಿಕೊಂಡ ಮೇಲೆ ಅವರು ನನ್ನನ್ನು ನೋಡುವ ರೀತಿಯನ್ನು ನಾನು ನೋಡಬೇಕಿತ್ತು.

"ಹೂಂ ಭಾಯ್, ಹೋಗ್ತಿದ್ವು" ಎಂದೆ. ಟಿವಿಗಳಿಗೆ ಕಂಬಳಿ ಸುತ್ತಲು ನಾನೂ ಕೈಹಾಕಿದೆ.