ಜೇಜುರಿಯ ಐದು ಪಾವಟಿಗಿ

ನನ್ನನ್ನ ಯಾರರೆ ಎದಿಗೆ ಅವಚಿಕೊಂಡು ಎತ್ತಿದ್ದು ನನಗ ನೆನಪಿಲ್ಲ. ಕೂಸಿದ್ದಾಗ ಅವ್ವ ನನ್ನ ದಿಂಬಿನ ಮ್ಯಾಲೆ ಮಲಗಿಸಿ, ದಿಂಬಿನ ಸಮೇತ ಎತ್ತತಿದ್ಳಂತ. ಅಪ್ಪನಿಂದ ನನಗ ಬಂದ ಆಸ್ತಿ ಎರಡ: ಬಿಳಿಗುಡ್ಡಿನ್ಯಾಗ ತುಸು ನೀಲಿ ಇರೂ ಕಣ್ಣು, ಸುಮ್ಮಸುಮ್ಮನ ಮುರಿಯೂ ಎಲುಬು. ಭಾಳ ಅಪರೂಪದ ಜಡ್ಡು ಅಂತಾರ ಡಾಕ್ಟರು. ಅಪರೂಪದ್ದು ಅಂತ ಹೇಳಿ ಸಕ್ರಿ ಹಂಚಬೇಕೇನು?

ಇದೆಲ್ಲಾ ಗೊತ್ತಿದ್ದೂ ನಮ್ಮ ಅತ್ತಿ ನನ್ನ ಸೊಸಿ ಮಾಡಿಕೊಂಡ್ರು. ವಿಜಯಪುರ ಕಡೆಯಿಂದ ಬಂದು ಪುಣೆದ ಬಿಬವೇವಾಡಿಯೊಳಗ ನೆಲಿ ನಿಂತ ಮಂದಿ. ನನ್ನ ಗಂಡಂದು ಮಾರ್ಕೆಟ್ ಯಾರ್ಡಿನ್ಯಾಗ ಉಳ್ಳಾಗಡ್ಡಿ ವ್ಯಾಪಾರ. "ಕಾಜಿನ ಸೊಸಿ ತಂದ್ರೆಲ್ಲಾ" ಅಂತ ಬಳಗದವರು ಚಾಷ್ಟಿ ಮಾಡಿದ್ರ, ಅತ್ತಿ "ಇರ್ಲಿ ಬಿಡ್ರಿ, ನಿಮ್ಮ ಕಬ್ಬಿಣದ ಸೊಸಿ ನಿಮಗ" ಅಂದು ಬಾಯಿ ಮುಚ್ಚಿಸಿದ್ರು.

ಮನಿದೇವರು ಜೇಜುರಿ ಖಂಡೋಬಾ. ಹೊಸದಾಗಿ ಮದಿವ್ಯಾದ ಗಂಡ ಹೆಂಡತಿನ್ನ ಎತ್ತಿಕೊಂಡು ಗುಡ್ಡದ ಪಾವಟಿಗಿ ಐದರೆ ಹತ್ತಬೇಕು, ಅದು ಅಲ್ಲಿ ಪದ್ಧತಿ. ನನ್ನ ಗಂಡ ಎತ್ತಲಿಕ್ಕೆ ಬಗ್ಗಿದ. ನಾ ಹೆದರಿ ಹಿಂದ ಸರದೆ. ಅತ್ತಿ ಗುಡ್ಡದ ಕಡೆ ಮಾರಿ ಮಾಡಿ, "ತುಸು ತಡ ಆಗ್ತದಪಾ, ಸಿಟ್ಟಾಗಬ್ಯಾಡ. ಮತ್ತ ಕರಕೊಂಡು ಬರ್ತೀನಿ" ಅಂದ್ರು. ದೇವರ ಜೋಡಿನೂ ಅವರು ಬಾಜೂಮನಿಯವರ ಜೋಡಿ ಮಾತಾಡಿದಂಗ ಮಾತಾಡ್ತಾರ. ಬ್ಯಾರೆ ಮದುಮಕ್ಕಳು ನಕ್ಕೋತ ಮ್ಯಾಲೆ ಹೊಂಟಿದ್ರು. ನನಗ ಅಳು ಬಂತು. ಒಮ್ಮೆರೆ ನನ್ನನ್ನೂ ಎಲ್ಲಾರಂಗ ಎತ್ತಿಕೊಳ್ಳಲಿ ಅನ್ನೂ ಆಸೆ ಅವತ್ತು ಒಳಗ ಹೊಕ್ಕದ್ದು ಹೊರಗ ಬರಲಿಲ್ಲ.

ಮಳಿಗಾಲದಾಗ ಕೆಮ್ಮಿ ಕೆಮ್ಮಿನ ಒಂದು ಪಕ್ಕೆಲುಬು ಸೀಳಿತು. ಸ್ಕ್ಯಾನ್ ಮಾಡಿಸಿದ ಡಾಕ್ಟರು, ಹುಟ್ಟಿನ ಜಡ್ಡಿನ ಮ್ಯಾಲೆ ಎಲುಬು ಸವೀಲಿಕ್ಕೂ ಹತ್ಯಾವ ಅಂತ ಹೇಳಿ ವಾರಕ್ಕೊಂದು ಗುಳಿಗಿ ಬರಕೊಟ್ರು. ಖಾಲಿ ಹೊಟ್ಟಿಲೆ ಬರೇ ನೀರಿನ ಜೋಡಿ ನುಂಗಿ, ಅರ್ಧಾ ತಾಸು ನೆಟ್ಟಗ ಕೂಡಬೇಕು. ಅತ್ತಿ ಖಂಡೋಬಾನ ವಾರ ಅಂತ ಐತವಾರ ಆರಿಸಿದ್ರು. "ಬರೇ ನೀರಾ? ಅದರಾಗೇನು ಕಸುವು ಅದ?" ಅಂದು ಅರಿಷಿಣ ಹಾಕಿದ ಬಿಸಿ ಹಾಲು ಕೊಟ್ರು. ನಾನೂ ಕುಡದೆ. ಎಲುಬಿಗೆ ಹಾಲು ಬ್ಯಾಡ ಅಂದವರನ್ನ ಯಾರು ಕಂಡಾರ?

ಮುಂದಿನ ವರ್ಷದ ಸ್ಕ್ಯಾನಿನ್ಯಾಗ ಏನೂ ಸುಧಾರಣಿ ಇಲ್ಲ. ಗುಳಿಗಿ ಹೆಂಗ ತಗೋತೀರಿ ಅಂತ ಡಾಕ್ಟರು ಕೇಳಿದ್ರು. ಬಿಸಿ ಹಾಲಿನಾಗ ಅಂತ ನಾ ಭಾಳ ಠೇಂಕಾರಲೆ ಹೇಳಿದೆ. ಅವರು ಹಣಿ ಬಡಕೊಂಡ್ರು. ಹಾಲಿನ್ಯಾಗಿನ ಕ್ಯಾಲ್ಸಿಯಂ ಗುಳಿಗಿನ್ನ ಹೊಟ್ಟ್ಯಾಗ ಹಿಡಕೊಂಡು ಕೂಡ್ತದ, ಎಲುಬಿನ ತನಕ ಹೋಗಾಕ ಬಿಡೂದಿಲ್ಲ. ಹಾಲು ಬ್ಯಾರೆ ಹೊತ್ತಿನ್ಯಾಗ ಕುಡೀರಿ ಅಂತ ಮರಾಠಿಯೊಳಗ ತಿಳಿಸಿ ಹೇಳಿದ್ರು.

ಅತ್ತಿ ರಿಕ್ಷಾ ಇಳದು ಮನಿಗೆ ಬಂದು, "ನನ್ನ ಕೈಯಾರೆ ನಿನ್ನ ಔಷಧ ಕೆಡಿಸಿದ್ನೆಲ್ಲವ್ವಾ" ಅಂತ ಅಳಲಿಕ್ಕೆ ಹತ್ತಿದ್ರು. ನನಗ ಸಿಟ್ಟ ಬಂತು. "ಸಾಕ್ ಮಾಡ್ರಿ ಅತ್ತಿ, ಹಾಲು ಕೊಟ್ರಿ, ವಿಷಾ ಏನ್ ಕೊಟ್ಟಿಲ್ಲಲ್ಲ!"

ಅಲ್ಲಿಂದ ಪ್ರತಿ ಐತವಾರ ನಮ್ಮ ಮನ್ಯಾಗ ಪೊಲೀಸ್ ಕಾರಭಾರ. ಒಂದು ಗ್ಲಾಸ್ ನೀರು, ಕುರ್ಚಿ, ಎದುರಿಗೆ ಅತ್ತಿ. ಬಿದ್ದ ಚಮಚಾ ತಗೋಳಾಕ ಬಗ್ಗಿದ್ರ, "ಏಯ್, ನೆಟ್ಟಗ ಕೂಡ!" ಚಾ ಇಲ್ಲದ ಕಣ್ಣ ತೆರೀದ ಹೆಣ್ಣಮಗಳು, ಅರ್ಧಾ ತಾಸು ಆಗೂತನಾ ಚಾ ಮುಟ್ಟತಿದ್ದಿಲ್ಲ. "ನಿಮಗ್ಯಾಕ್ರಿ ಉಪಾಸ?" ಅಂದ್ರ, "ನಿನ್ನ ಒಣಗಿಸಿ ನಾ ಕುಡೀಲೇನು?" ಅಂತಿದ್ರು. ಇಂಥಾ ಅತ್ತಿ ಸಿಗಲಿಕ್ಕೆ ಪುಣ್ಯಾ ಬೇಕು. ಎಷ್ಟು ಜನ್ಮದ್ದೋ ನನಗ ಗೊತ್ತಿಲ್ಲ.

ಒಂದೆರಡು ವರ್ಷದ ಮ್ಯಾಲೆ ಡಾಕ್ಟರು ಸ್ಕ್ಯಾನ್ ನೋಡಿ ನಕ್ರು. ಹುಟ್ಟುಗುಣ ಗುಳಿಗಿಲೆ ಹೋಗೂದಿಲ್ಲ, ಆದ್ರ ಸವಕಳಿ ನಿಂತದ, ಎಲುಬು ತುಸು ತುಂಬಿಕೊಂಡಾವ ಅಂದ್ರು. ನಾ ಹೆದರಿಕೋತ ಜೇಜುರಿ ಮಾತು ತಗದೆ. ಪುಣೆದವರು, ಅವರಿಗೆ ಬಿಡಿಸಿ ಹೇಳೂದು ಬೇಕಾಗಲಿಲ್ಲ. ಜ್ವಾಕ್ಯಾಗಿ ಎತ್ತಲಿ, ಖಾತ್ರಿ ಮಾತ್ರ ನನ್ನ ಕೇಳಬ್ಯಾಡ್ರಿ ಅಂದ್ರು.

ಹೋಗೂ ದಿನ ಅತ್ತಿ ನನ್ನ ಕೈತುಂಬ ಹಸಿರು ಬಳಿ ಇಡಿಸಿದ್ರು. ಬಳಿ ವಿಷಯದಾಗ ಅವರು ಭಾಳ ಕಡಕ್. ಮನ್ಯಾಗ ಮುತ್ತೈದಿ ಬಳಿ ಒಂದು ಒಡದ್ರ, ಅಪಶಕುನ ಅಂತ ಅವತ್ತು ಅವರಿಗೆ ಊಟ ಸೇರೂದಿಲ್ಲ.

"ಉಳ್ಳಾಗಡ್ಡಿ ಚೀಲ ಎತ್ತಿದಂಗ ಎತ್ತೀ, ನೋಡ ಮತ್ತ!" ಅಂತ ಮಗನಿಗೆ ತಾಕೀತು ಮಾಡಿದ್ರು. ಅಂವ ಒಂದು ಕೈ ಮೊಣಕಾಲ ಕೆಳಗ, ಒಂದು ಕೈ ಬೆನ್ನಿಗೆ ಹಾಕಿ ನನ್ನ ಎತ್ತಿದ. ನಾ ಕಣ್ಣು ಮುಚ್ಚಿ ಅವನ ಕೊಳ್ಳಿಗೆ ಜೋತುಬಿದ್ದೆ. ಒಂದು, ಎರಡು, ಮೂರು. ನಾಕನೇದಕ್ಕ, ಅರಿಷಿಣದ ಭಂಡಾರ ಚೆಲ್ಲಿ ಹಳದಿಯಾಗಿದ್ದ ಕಲ್ಲಿನ ಮ್ಯಾಲೆ ಅವನ ಕಾಲು ಜಾರಿತು. ಗಪ್ಪನ ನನ್ನ ಅವಚಿಕೊಂಡ.

ಚಟ್.

ಮೂವರೂ ನಿಂತಲ್ಲೇ ಕಲ್ಲಾದಿವಿ. ಆ ಸಪ್ಪಳ ನನಗ ಹುಟ್ಟಿದಾಗಿಂದ ಗೊತ್ತದ. ಪಕ್ಕೆಲುಬೋ, ಭುಜಾನೋ, ಕೈಯೋ ಅಂತ ಮನಸಿನ್ಯಾಗ ಒಂದೊಂದ ತಡವಿ ನೋಡಿದೆ. ಎಲ್ಲೂ ನೋವಿಲ್ಲ. ಅಷ್ಟರಾಗ ಹಸಿರು ಚೂರೊಂದು ಕಲ್ಲಿನ ಮ್ಯಾಲೆ ಬಿತ್ತು. ಅತ್ತಿ ಬಗ್ಗಿ ಅದನ್ನ ನೋಡಿದ್ರು.

"ಬಳಿ!" ಅಂತ ಒದರಿದ್ರು. "ಬರೇ ಬಳಿನೋ! ಒಡೀಲಿ, ಎಲ್ಲಾ ಒಡೀಲಿ! ಯಳಕೋಟ ಯಳಕೋಟ!" ಅಂತ ಖಂಡೋಬಾನ ಜೈಕಾರ ಹಾಕಿ, ಬೊಗಸಿ ತುಂಬ ಭಂಡಾರ ತೂರಿ, ಕಣ್ಣಾಗ ನೀರು ಇಳಸಕೋತ ಮಗನ ಬೆನ್ನಿಗೆ ಗುದ್ದಿದ್ರು. "ನಿಂತಿ ಯಾಕೋ? ಇನ್ನೊಂದು ಪಾವಟಿಗಿ ಉಳದದ, ಹತ್ತು!"